ಸ್ಕಾಟ್ಲೆಂಡಿನ ಹಿರಿಯರನ್ನು ಹುಡುಕುವುದು ಹೇಗೆ? ಅಜ್ಜಿಯ ತವರಿನ ಹೆಸರು ಹಿಡಿದು ಹೊರಡಿ

ನಮ್ಮ ಸೊಸೆ ಸ್ಕಾಟ್ಲೆಂಡಿನ ಡಂಡಿ ಊರಿನವಳು. ಮೊಮ್ಮಗಳು ಹುಟ್ಟಿದಾಗ ನಮ್ಮ ಕಡೆಯ ವಂಶವೃಕ್ಷ ಬರೆಯಲು ಕೂತೆ. ಏಳು ತಲೆಮಾರಿನ ಗಂಡಸರ ಹೆಸರು ಸರಾಗವಾಗಿ ಬಂತು. ಅಜ್ಜಿಯಂದಿರ ಹೆಸರು ಮೂರಕ್ಕೇ ನಿಂತಿತು. ಅವರ ತವರು ಯಾವುದು ಅಂತ ಹೇಳುವವರೂ ಉಳಿದಿಲ್ಲ. ಆಮೇಲೆ ಸೊಸೆಯ ಕಡೆಯವರನ್ನು ಇಬ್ಬರೂ ಸೇರಿ ಹುಡುಕಿದೆವು. ಅಲ್ಲಿ ಒಬ್ಬೊಬ್ಬ ಅಜ್ಜಿಯೂ ತವರಿನ ಮನೆತನದ ಹೆಸರಿನ ಸಮೇತ ಸಿಕ್ಕಳು. ಹುಡುಕುವ ದಾರಿ ಹೀಗಿದೆ.

ಮೊದಲು ಮನೆಯವರನ್ನೇ ಕೇಳಿ. ಹಳೆಯ ಬೈಬಲ್‌ನ ಮೊದಲ ಪುಟ, ಫೋಟೊಗಳ ಹಿಂಬದಿ ನೋಡಿ. ಒಬ್ಬರ ಹೆಸರು, ಊರು, ಅಂದಾಜು ವರ್ಷ ಸಿಕ್ಕರೆ ಸಾಕು. ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಇಂಥ ಪ್ರಸಿದ್ಧ ವೀರನ ವಂಶ ನಮ್ಮದು ಅಂತ ಮೇಲಿನಿಂದ ಇಳಿಯಲು ಹೋದರೆ ದಾರಿ ತಪ್ಪುವುದು ಖಂಡಿತ.

ದಾಖಲೆಗಳೆಲ್ಲ ಇರುವುದು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ. ಹೆಸರು ಹುಡುಕುವುದಕ್ಕೆ ದುಡ್ಡಿಲ್ಲ. ಮೂಲ ಪುಟದ ಚಿತ್ರ ತೆರೆಯಲು ಮಾತ್ರ ಕ್ರೆಡಿಟ್ ಕೊಳ್ಳಬೇಕು. ಹಾಗಾಗಿ ಊರು, ವರ್ಷ ಹಾಕಿ ಪಟ್ಟಿ ಚಿಕ್ಕದು ಮಾಡಿಕೊಂಡ ಮೇಲೆಯೇ ಪುಟ ತೆರೆಯಿರಿ. ಜನನದ ಪುಟ 100 ವರ್ಷ, ಮದುವೆಯದು 75, ಮರಣದ್ದು 50 ವರ್ಷ ಹಳೆಯದಾಗಿದ್ದರೆ ಮಾತ್ರ ಚಿತ್ರ ಮನೆಯಲ್ಲೇ ಕಾಣುತ್ತದೆ. ಇದೇ ಕಾರಣಕ್ಕೆ ಜನನಕ್ಕಿಂತ ಮರಣದ ದಾಖಲೆಯಿಂದ ಶುರು ಮಾಡುವುದು ಸುಲಭ. ಅದರಲ್ಲಿ ತೀರಿಕೊಂಡವರ ಅಪ್ಪ, ಅಮ್ಮ ಇಬ್ಬರ ಹೆಸರೂ ಇರುತ್ತದೆ, ಅಮ್ಮನ ತವರಿನ ಹೆಸರೂ ಇರುತ್ತದೆ. ಆದರೆ ಅದನ್ನು ಬರೆಸಿದವರು ಮಗನೋ ಅಳಿಯನೋ ಪಕ್ಕದ ಮನೆಯವರೋ ಆಗಿರಬಹುದು. ಅಜ್ಜಿಯ ಹೆಸರು ಅವರಿಗೆ ಸರಿಯಾಗಿ ನೆನಪಿಲ್ಲದಿರಬಹುದು, ಅಲ್ವಾ? ಮದುವೆಯ ದಾಖಲೆಯಲ್ಲಿ ವಧೂವರರು ತಾವೇ ಹೇಳಿ ಬರೆಸಿರುತ್ತಾರೆ. ಎರಡನ್ನೂ ತಾಳೆ ನೋಡಿ.

ಸರ್ಕಾರಿ ನೋಂದಣಿ ಶುರುವಾಗಿದ್ದು 1855ರ ಜನವರಿ 1ರಂದು. ಆ ಒಂದು ವರ್ಷದ ಜನನ ದಾಖಲೆ ನಿಮ್ಮವರದ್ದು ಸಿಕ್ಕಿದರೆ ಅದೃಷ್ಟವೇ ಸರಿ. ಅಪ್ಪ ಅಮ್ಮನ ವಯಸ್ಸು, ಅವರು ಹುಟ್ಟಿದ ಊರು, ಮದುವೆಯಾದ ದಿನ ಮತ್ತು ಸ್ಥಳ, ಮಗುವಿಗಿಂತ ಮೊದಲು ಹುಟ್ಟಿದವರಲ್ಲಿ ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ಇಲ್ಲ, ಎಲ್ಲವೂ ಒಂದೇ ಪುಟದಲ್ಲಿ. ಬರೆಯುವವರಿಗೆ ಕೆಲಸ ಜಾಸ್ತಿಯಾಗಿ ಮರುವರ್ಷವೇ ಕಾಲಂಗಳನ್ನು ಕಡಿಮೆ ಮಾಡಿದರು. ಅಪ್ಪ ಅಮ್ಮನ ಮದುವೆಯ ವಿವರ 1861ರಲ್ಲಿ ವಾಪಸ್ ಬಂತು. ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು: ಸ್ಕಾಟ್ಲೆಂಡಿನವರು ಹುಟ್ಟಿದ ಗಳಿಗೆಯನ್ನೂ ಗಂಟೆ, ನಿಮಿಷದ ಸಮೇತ ಬರೆದಿಡುತ್ತಾರೆ. ನಮ್ಮಲ್ಲಿ ಜಾತಕ ಬರೆಸಲು ಬೇಕಾದದ್ದೆಲ್ಲ ಅಲ್ಲಿ ಸರ್ಕಾರಿ ಪುಸ್ತಕದಲ್ಲೇ ಇದೆ.

ಹೆಸರು ಕೈಗೆ ಸಿಕ್ಕ ಮೇಲೆ ಜನಗಣತಿ ತೆರೆಯಿರಿ. 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಂದರಂತೆ ಸಿಗುತ್ತದೆ. 1841ರದ್ದನ್ನು ಹುಷಾರಾಗಿ ಓದಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುತ್ತಾರೆ, ಅಂದರೆ 29 ವರ್ಷದವಳು 25 ಆಗಿಬಿಡುತ್ತಾಳೆ. ಯಾರಿಗೆ ಯಾರು ಏನಾಗಬೇಕು ಅನ್ನುವುದೂ ಅದರಲ್ಲಿಲ್ಲ. 1851ರಿಂದ ಸಂಬಂಧವೂ ಹುಟ್ಟಿದ ಪ್ಯಾರಿಷ್ಷೂ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ಸಿಗುತ್ತವೆ. 1861ರಿಂದ ಕಿಟಕಿ ಇರುವ ಕೋಣೆ ಎಷ್ಟು ಅಂತಲೂ ಕೇಳಿದ್ದಾರೆ. ಎಂಟು ಜನರ ಮನೆಯ ಮುಂದೆ ಆ ಕಾಲಂನಲ್ಲಿ ‘1’ ಅಂತ ನೋಡಿದಾಗ ಸೊಸೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಗೊಂದಲವಾಗುವುದು ಹೆಸರುಗಳಲ್ಲಿ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು ಇಡುವುದು ಅಲ್ಲಿನ ಹಳೆಯ ರೂಢಿ. ನಮ್ಮ ಅನೇಕ ಮನೆಗಳಲ್ಲಿ ಇದ್ದ ಹಾಗೆಯೇ. ಹೀಗಾಗಿ ಒಂದೇ ಹಳ್ಳಿಯಲ್ಲಿ ಒಂದೇ ವಯಸ್ಸಿನ ನಾಲ್ಕು ಜಾನ್‌ಗಳು ಸಿಗುತ್ತಾರೆ, ನಾಲ್ವರ ಮನೆತನದ ಹೆಸರೂ ಒಂದೇ. ನಮ್ಮ ಜಾನ್ ಯಾರು ಅಂತ ತೋರಿಸಿಕೊಡುವುದು ಅವನ ಅಮ್ಮನ ತವರಿನ ಹೆಸರು. ಅದು ಸಿಗುವವರೆಗೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸಬೇಡಿ. ಮ್ಯಾಕ್ ಎಂದು ಶುರುವಾಗುವ ಹೆಸರುಗಳನ್ನು ಉದ್ದವಾಗಿಯೂ (Mac) ಗಿಡ್ಡವಾಗಿಯೂ (Mc) ಬರೆದಿರುತ್ತಾರೆ, ಎರಡೂ ರೀತಿ ಹುಡುಕಿ.

1855ಕ್ಕಿಂತ ಹಿಂದೆ ಚರ್ಚಿನ ಪ್ಯಾರಿಷ್ ಪುಸ್ತಕಗಳೇ ಗತಿ. ಅತಿ ಹಳೆಯದು ಎರಲ್ ಎಂಬ ಊರಿನದು, 1553ರಿಂದ ಇದೆ. ಇಲ್ಲಿ ಹೆಸರು ಸಿಗದಿದ್ದರೆ ಎದೆಗುಂದಬೇಡಿ. 1783ರಿಂದ 1794ರವರೆಗೆ ಒಂದೊಂದು ನೋಂದಣಿಗೂ ಮೂರು ಪೆನ್ಸ್ ತೆರಿಗೆ ಇತ್ತು, ಅನೇಕರು ಬರೆಸಲೇ ಇಲ್ಲ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಇಬ್ಭಾಗವಾಗಿ ಫ್ರೀ ಚರ್ಚ್ ಎಂಬ ಬೇರೆ ಪಂಗಡ ಹುಟ್ಟಿದಾಗ ಅಲ್ಲಿಗೆ ಹೋದವರ ಮಕ್ಕಳ ಹೆಸರು ಬೇರೆ ಪುಸ್ತಕಗಳಿಗೆ ಹೋಯಿತು.

ಹುಡುಕುತ್ತಿರುವವರು ಒಂದು ಜನಗಣತಿಯಿಂದ ಇನ್ನೊಂದಕ್ಕೆ ಕಾಣೆಯಾದರೆ ಭಾರತದ ಕಡೆಗೂ ಒಮ್ಮೆ ನೋಡಿ. ಡಂಡಿಯ ಗಿರಣಿಗಳಿಗೆ ಸೆಣಬು ಹೋಗುತ್ತಿದ್ದದ್ದು ಬಂಗಾಳದಿಂದ, ಡಂಡಿಯಿಂದ ಕೋಲ್ಕತ್ತದ ಗಿರಣಿಗಳಿಗೆ ಮೇಲ್ವಿಚಾರಕರು ಬರುತ್ತಿದ್ದರು. ನಮ್ಮ ಕಾಫಿ ತೋಟಗಳಿಗೆ ಬಂದವರಲ್ಲೂ ಸ್ಕಾಟ್ಲೆಂಡಿನವರಿದ್ದರು. ಇಂಥವರ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳ ನಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿದೆ.

ಪುಟ ತೆರೆದಾಗ ಸಹಿಯ ಜಾಗ ನೋಡುವುದನ್ನು ಮರೆಯಬೇಡಿ. ಸೊಸೆಯ ಅಮ್ಮನ ಮುತ್ತಜ್ಜಿ ಗಿರಣಿಯಲ್ಲಿ ನೇಯುತ್ತಿದ್ದವಳು, ಅಕ್ಷರ ಬರುತ್ತಿರಲಿಲ್ಲ. ಮಗಳ ಜನನ ಬರೆಸಲು ತಾನೇ ಹೋಗಿದ್ದಾಳೆ. ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆಯ ಗುರುತು, ಅದರ ಎರಡೂ ಬದಿಗೆ ಗುಮಾಸ್ತರು ಬರೆದ ಅವಳ ಹೆಸರು.