ಹತ್ತು ಕಿಲೋಮೀಟರ್ ಓಡಬೇಕಾ? ಮೊದಲು ನಿಧಾನಕ್ಕೆ ಓಡಿ

ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ ನಿಂತು ನೋಡಿ. ಓಟ ಶುರುಮಾಡಿದ ಹೊಸಬರು ಬಾಣದ ಹಾಗೆ ಹೊರಡುತ್ತಾರೆ. ಐದು ನಿಮಿಷಕ್ಕೆಲ್ಲ ಮಂಡಿ ಹಿಡಿದು, ಬಗ್ಗಿ ಏದುಸಿರು ಬಿಡುತ್ತಿರುತ್ತಾರೆ. ನೋಡಿದರೆ ಪಾಪ ಅನ್ನಿಸುತ್ತದೆ.

ಮೊದಲು ನಿಮ್ಮ ವೇಗ ಕಂಡುಕೊಳ್ಳಿ. ವಾಚ್ ಬೇಡ, ಮಾತು ಸಾಕು. ಓಡುತ್ತಲೇ ಜೋರಾಗಿ ಹೇಳಿ: "ದೋಸೆಗೆ ಉದ್ದಿನಬೇಳೆ ನೆನೆಹಾಕಬೇಕು, ಮನೆಯಲ್ಲಿ ಮೆಂತ್ಯ ಇದೆಯೋ ಇಲ್ಲವೋ ನೋಡಬೇಕು." 'ನೆನೆಹಾಕಬೇಕು' ಅನ್ನುವಷ್ಟರಲ್ಲೇ ಉಸಿರು ಸಿಕ್ಕಿಕೊಂಡರೆ ವೇಗ ಜಾಸ್ತಿಯಾಯಿತು. ಇಳಿಸಿ. ಪಕ್ಕದಲ್ಲಿ ಅಜ್ಜ ಬಿರುಸಾಗಿ ನಡೆದು ಮುಂದೆ ಹೋದರೂ ಪರವಾಗಿಲ್ಲ.

ಈ ವೇಗದಲ್ಲಿ ವಾರಗಟ್ಟಲೆ ಓಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಕಾಲಿನ ಸ್ನಾಯುಗಳಲ್ಲಿ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೂ ಹೆಚ್ಚುತ್ತವೆ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ನಂಬಿದ್ದು ಇಂಥ ಉದ್ದದ ಓಟವನ್ನೇ. ಅವರ ಶಿಷ್ಯ ಪೀಟರ್ ಸ್ನೆಲ್ ಸ್ಪರ್ಧಿಸುತ್ತಿದ್ದದ್ದು 800 ಮೀಟರ್, 1,500 ಮೀಟರಿನಂಥ ಕಡಿಮೆ ದೂರಗಳಲ್ಲಿ. ಆದರೂ ಗುಡ್ಡದ ದಾರಿಯಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿ.ಮೀ. ಓಡಿಸುತ್ತಿದ್ದರು! 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನ ಚಿನ್ನ ಗೆದ್ದರು. ಅದೇ ದಿನ ಲಿಡಿಯಾರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರ್ ಗೆದ್ದರು. ಈ ಕಥೆ ನನಗೆ ಎಷ್ಟು ಸಲ ಹೇಳಿದರೂ ಸಾಕಾಗದು.

ಈಗ ನಿಮ್ಮ ಲೆಕ್ಕ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಒಟ್ಟು 20 ನಿಮಿಷ. ವಾರವಾರವೂ ನಡಿಗೆ ಕಡಿಮೆ ಮಾಡುತ್ತಾ ಬನ್ನಿ. ನಿಲ್ಲದೆ 30 ನಿಮಿಷ ಓಡುವಂತಾದ ಮೇಲೆ, ವಾರದ ಒಂದು ಓಟಕ್ಕೆ ಮಾತ್ರ ಐದೈದು ನಿಮಿಷ ಸೇರಿಸಿ. ಪ್ರತಿ ನಾಲ್ಕನೇ ವಾರ ಸ್ವಲ್ಪ ಇಳಿಸಿ. ಬಿಪಿ, ಸಕ್ಕರೆ ಕಾಯಿಲೆ, ಎದೆನೋವು ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಇಲ್ಲೊಂದು ಎಚ್ಚರ ಬೇಕು. ಉಸಿರು ಕೆಲವೇ ವಾರಗಳಲ್ಲಿ ಹಿಡಿತಕ್ಕೆ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. "ಆರಾಮಾಗಿದೀನಿ ಅಲ್ವಾ" ಅಂತ ದಿಢೀರನೆ ದೂರ ಏರಿಸಿದರೆ ಹಲವರಿಗೆ ನೋಯುವುದು ಮೊಣಕಾಲ ಕೆಳಗಿನ ಮೂಳೆ. ಒತ್ತಿದ ಜಾಗದಲ್ಲೇ ಚುಚ್ಚಿದಂತಾದರೆ ಓಟ ನಿಲ್ಲಿಸಿ, ತೋರಿಸಿ.

40 ನಿಮಿಷ ಸಲೀಸಾದ ಮೇಲೆ ವಾರಕ್ಕೊಮ್ಮೆ, ಓಟದ ಕೊನೆಯಲ್ಲಿ, 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ ಸಾಕು. ನಡುವೆ ಪೂರ್ತಿ ಸುಧಾರಿಸಿಕೊಳ್ಳಿ.

ಸ್ಪರ್ಧೆಯ ವಾರ ಓಟವನ್ನು ಅರ್ಧಕ್ಕೆ ಇಳಿಸಿ. ಹೊಸ ಶೂವನ್ನು ಅವತ್ತೇ ಮೊದಲ ಸಲ ಹಾಕಿಕೊಳ್ಳಬೇಡಿ. ಮೊದಲ ಎರಡು ಕಿಲೋಮೀಟರ್, ಎಷ್ಟೇ ಜನ ದಾಟಿ ಹೋಗಲಿ, ದೋಸೆಯ ಮಾತಾಡುವ ವೇಗದಲ್ಲೇ ಓಡಿ.