ಹಳೆಯ ವಿಳಾಸದ ಹಿಂದೆ ಹೋದ ಹಣ

ನ್ಯೂಜೆರ್ಸಿಯ ಮಧ್ಯಮ ಗಾತ್ರದ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಗದಾಗದೆ ಉಳಿದ ಸಂಬಳದ ಚೆಕ್ಕುಗಳು, ಗ್ರಾಹಕರಿಗೆ ಮರಳಿಸಬೇಕಿದ್ದ ಹೆಚ್ಚುವರಿ ಪಾವತಿಗಳು, ಸರಬರಾಜುದಾರರ ಖಾತೆಯಲ್ಲಿ ಉಳಿದುಹೋದ ಚಿಲ್ಲರೆ ಬಾಕಿ ಇವೆಲ್ಲವನ್ನೂ ಪಟ್ಟಿ ಮಾಡಿ, ಹಣದ ಸಮೇತ ಆಯಾ ರಾಜ್ಯ ಸರ್ಕಾರಕ್ಕೆ ಒಪ್ಪಿಸುವುದು ಪ್ರತಿ ವರ್ಷ ನನ್ನ ಪಾಲಿಗೆ ಬರುವ ಕೆಲಸ. ಅಮೆರಿಕದಲ್ಲಿ ಇದನ್ನು ‘ಅನ್‌ಕ್ಲೇಮ್ಡ್ ಪ್ರಾಪರ್ಟಿ’ ಎನ್ನುತ್ತಾರೆ. ಮಾಲೀಕನ ಸುಳಿವಿಲ್ಲದ ಹಣವನ್ನು ಕಂಪನಿಯಾಗಲಿ ಬ್ಯಾಂಕಾಗಲಿ ತನ್ನದೆಂದು ನುಂಗುವಂತಿಲ್ಲ. ನಿಗದಿತ ವರ್ಷಗಳು ಕಳೆದ ಮೇಲೆ ಅದು ರಾಜ್ಯದ ವಶಕ್ಕೆ ಹೋಗಬೇಕು. ರಾಜ್ಯವು ಅದರ ಪಾಲಕ ಮಾತ್ರ. ಮಾಲೀಕನೋ ಅವನ ವಾರಸುದಾರರೋ ದಾಖಲೆಯೊಂದಿಗೆ ಬಂದರೆ ಹಿಂದಿರುಗಿಸಬೇಕು.

ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತು ನನ್ನ ವಿಷಯದಲ್ಲಿ ನಿಜವಾಯಿತು. ಪರರ ಹಣವನ್ನು ಹಲವು ವರ್ಷ ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್ನಿಗೂ ಟೆಕ್ಸಾಸಿನ ರಾಜಧಾನಿ ಆಸ್ಟಿನ್ನಿಗೂ ಕಳುಹಿಸಿದ ನಾನು, ನನ್ನ ಹೆಸರನ್ನು ಆ ಪಟ್ಟಿಗಳಲ್ಲಿ ಹುಡುಕಿ ನೋಡಿದ್ದು 2014ರಲ್ಲಿ. ಟೆಕ್ಸಾಸಿನ ಪ್ಲೇನೋದಲ್ಲಿ ಮೊದಲ ಎರಡು ವರ್ಷ ಇದ್ದಾಗ ಕಟ್ಟಿದ್ದ ವಿದ್ಯುತ್ ಠೇವಣಿಯೂ, ವೈದ್ಯರಿಗೆ ನಾನು ಹೆಚ್ಚಾಗಿ ಕೊಟ್ಟಿದ್ದ ಹಣದ ಮರುಪಾವತಿಯೂ ರಾಜ್ಯದ ಹಣಕಾಸು ನೋಡಿಕೊಳ್ಳುವ ಅಲ್ಲಿನ ಕಂಟ್ರೋಲರ್ ಕಚೇರಿಯಲ್ಲಿ ನನಗಾಗಿ ಕಾಯುತ್ತಿದ್ದವು. ನಾನು ನ್ಯೂಜೆರ್ಸಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಹಣ ನನ್ನ ಹಿಂದೆ ಬಂದಿರಲಿಲ್ಲ, ವಿಳಾಸದ ಜೊತೆಗೇ ಉಳಿದಿತ್ತು.

ಹಾಗೇಕೆ ಎಂಬುದಕ್ಕೆ ಉತ್ತರ 1965ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿದೆ. ಮೊಕದ್ದಮೆಯ ಹೆಸರೇ ಟೆಕ್ಸಾಸ್ ವಿರುದ್ಧ ನ್ಯೂಜೆರ್ಸಿ. ನಾನು ಬದುಕಿದ ಎರಡೂ ರಾಜ್ಯಗಳು ಅದರಲ್ಲಿ ಎದುರುಬದುರಾಗಿದ್ದುದನ್ನು ಓದಿದಾಗ ನಗು ಬಂದಿತ್ತು. ಸನ್ ಆಯಿಲ್ ಕಂಪನಿಯು ಸುಮಾರು 1,730 ಮಂದಿಗೆ ಕೊಡಬೇಕಾಗಿದ್ದ, ಒಟ್ಟು 26,461 ಡಾಲರುಗಳಷ್ಟಿದ್ದ ಸಣ್ಣಪುಟ್ಟ ಬಾಕಿಗೆ ಯಾವ ರಾಜ್ಯ ಹಕ್ಕುದಾರ ಎಂಬುದು ಅಲ್ಲಿನ ಪ್ರಶ್ನೆ. ಹಣ ಕೊಡಬೇಕಾದವರ ಪುಸ್ತಕದಲ್ಲಿ ಪಡೆಯಬೇಕಾದವನ ಕೊನೆಯ ವಿಳಾಸ ಯಾವ ರಾಜ್ಯದ್ದೋ ಆ ರಾಜ್ಯಕ್ಕೆ ಹಣ. ವಿಳಾಸವೇ ಇಲ್ಲದಿದ್ದರೆ ಕಂಪನಿ ನೋಂದಣಿಯಾದ ರಾಜ್ಯಕ್ಕೆ. ಇಂದಿಗೂ ನಾನು ಪಟ್ಟಿಯನ್ನು ರಾಜ್ಯವಾರು ಬೇರ್ಪಡಿಸುವುದು ಇದೇ ನಿಯಮದ ಮೇಲೆ.

ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. ಗುರುತಿನ ಚೀಟಿಯೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸರಿಯಾಗಿದ್ದವು, ಆದರೆ ಪ್ಲೇನೋದ ಆ ಮನೆಯಲ್ಲಿ ಇದ್ದವನು ನಾನೇ ಎಂಬುದಕ್ಕೆ ಪುರಾವೆ ಇರಲಿಲ್ಲ. ಬಾಡಿಗೆ ಕರಾರನ್ನು ಎಂದೋ ಹರಿದೆಸೆದಿದ್ದೆ. ಕೊನೆಗೆ ಕೈಹಿಡಿದದ್ದು ಸೂಟ್‌ಕೇಸಿನ ತಳದಲ್ಲಿದ್ದ ಹಳೆಯ ಡಬ್ಲ್ಯು-2 ನಮೂನೆ. ಸಂಬಳ, ತೆರಿಗೆ ಕಡಿತದ ಜೊತೆಗೆ ಅದರಲ್ಲಿ ನೌಕರನ ಅಂದಿನ ವಿಳಾಸವೂ ಅಚ್ಚಾಗಿರುತ್ತದೆ. ಕ್ರೆಡಿಟ್ ವರದಿಯಲ್ಲೂ ಹಳೆಯ ವಿಳಾಸಗಳ ಸಾಲು ಸಿಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಈ ಅನುಭವ ನಿಜವಾಗಿ ಉಪಯೋಗಕ್ಕೆ ಬಂದದ್ದು ನನ್ನ ಭಾವನವರ ವಿಷಯದಲ್ಲಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಒಂಬತ್ತು ವರ್ಷ ಇದ್ದು, 2009ರಲ್ಲಿ ಅಕ್ಕನೊಂದಿಗೆ ಮೈಸೂರಿಗೆ ಮರಳಿದವರು ಅವರು. ಕೆಲವು ವರ್ಷಗಳ ನಂತರ ಹಣ ಹುಡುಕಿಕೊಡುವ ಸಂಸ್ಥೆಯೊಂದರಿಂದ ಅವರಿಗೆ ಪತ್ರ ಬಂತು: ನಿಮ್ಮ ಹೆಸರಿನಲ್ಲಿ ಹಣವಿದೆ, ನಾಲ್ಕನೇ ಒಂದು ಭಾಗ ನಮಗೆ ಕೊಡುವುದಾದರೆ ತೆಗೆಸಿಕೊಡುತ್ತೇವೆ. ಭಾವ ಅದನ್ನು ಮೋಸವೆಂದೇ ಎಣಿಸಿದ್ದರು. ಹಣವಿದ್ದದ್ದು ನಿಜ, ಸುಳ್ಳಾಗಿದ್ದದ್ದು ಬೆಲೆ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಇಂಥ ಸಂಸ್ಥೆಗಳು ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ, ಮತ್ತು ರಾಜ್ಯದ ಕಚೇರಿಗೆ ನಾವೇ ಅರ್ಜಿ ಹಾಕಿದರೆ ಒಂದು ಪೈಸೆಯೂ ಇಲ್ಲ.

ನಮ್ಮವರ ಹೆಸರುಗಳದ್ದೇ ಒಂದು ದೊಡ್ಡ ತೊಡಕು. ಭಾವನವರ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ ಇದ್ದುದರಿಂದ, ವೀಸಾದಲ್ಲಿ ಅವರ ಸ್ವಂತ ಹೆಸರು ಕುಟುಂಬದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರ ಕುಳಿತಿತ್ತು. ಬ್ಯಾಂಕಿನವರು ಅದನ್ನೇ ಹೆಸರೆಂದು ಬರೆದುಕೊಂಡಿದ್ದರು. ಕಂಪನಿಯ ದಾಖಲೆಯಲ್ಲಿ ಊರಿನ ಹೆಸರು ಬಿಡಿಸಿ ಬರೆದು ಕೊನೆಗೆ ಸೇರಿತ್ತು. ಷೇರುಗಳ ಲೆಕ್ಕದಲ್ಲಿ ತಂದೆಯ ಹೆಸರು. ಹೀಗಾಗಿ ನಾನು ಇನಿಷಿಯಲ್ಲುಗಳನ್ನು ಹಿಂದೆಮುಂದೆ ಮಾಡಿ, ಊರನ್ನೂ ತಂದೆಯ ಹೆಸರನ್ನೂ ಒಮ್ಮೊಮ್ಮೆ ಉಪನಾಮವಾಗಿಸಿ, ಹತ್ತು ಹನ್ನೆರಡು ಬಗೆಯಲ್ಲಿ ಹುಡುಕಬೇಕಾಯಿತು. ಹಲವು ರಾಜ್ಯಗಳನ್ನು ಒಟ್ಟಿಗೆ ಹುಡುಕಲು ಮಿಸ್ಸಿಂಗ್‌ಮನಿ ಡಾಟ್ ಕಾಮ್ ಎಂಬ ಉಚಿತ ತಾಣವಿದೆಯಾದರೂ, ಬದುಕಿದ ಪ್ರತಿ ರಾಜ್ಯದ ಸ್ವಂತ ತಾಣವನ್ನೂ ನೋಡುವುದು ನನ್ನ ಪದ್ಧತಿ. ಕಡೆಗೆ ಮೂರು ಬಾಬ್ತುಗಳು ಸಿಕ್ಕವು.

ಮೊದಲನೆಯದು ಕೊನೆಯ ತಿಂಗಳ ಸಂಬಳದ ಚೆಕ್ಕು. ಅದು ಸಾಮಾನುಗಳ ನಡುವೆ ಸೇರಿ ಮೈಸೂರಿಗೇ ಬಂದುಬಿಟ್ಟಿತ್ತು. “ಅದರ ಅವಧಿ ಮುಗಿದುಹೋಗಿದೆಯಲ್ಲಪ್ಪಾ, ಇನ್ನೇನು ಸಿಗುತ್ತೆ?” ಎಂದು ಭಾವ ಕೈಬಿಟ್ಟಿದ್ದರು. ಅಲ್ಲಿನ ವಾಣಿಜ್ಯ ವ್ಯವಹಾರಗಳನ್ನು ಆಳುವ ಯೂನಿಫಾರ್ಮ್ ಕಮರ್ಷಿಯಲ್ ಕೋಡ್‌ನ 4-404ನೇ ಕಲಮಿನಂತೆ, ಆರು ತಿಂಗಳು ದಾಟಿದ ಚೆಕ್ಕಿಗೆ ಬ್ಯಾಂಕು ಹಣ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ ಎಂಬುದು ನಿಜ. ಆದರೆ ಹಳತಾಗುವುದು ಕಾಗದವೇ ಹೊರತು ಕೆಲಸ ಕೊಟ್ಟ ಕಂಪನಿಯ ಮೇಲಿನ ಸಂಬಳದ ಬಾಕಿಯಲ್ಲ. ಈ ಕೋಡ್ ಹೆಸರಿಗೆ ಏಕರೂಪವಾದರೂ ಕೇಂದ್ರದ ಕಾನೂನಲ್ಲ. 1892ರಲ್ಲಿ ಸ್ಥಾಪನೆಯಾದ ಯೂನಿಫಾರ್ಮ್ ಲಾ ಕಮಿಷನ್ ಮತ್ತೊಂದು ಸಂಸ್ಥೆಯೊಡನೆ ಮಾದರಿಯೊಂದನ್ನು ರೂಪಿಸಿತು, ಪ್ರತಿ ರಾಜ್ಯದ ಶಾಸನಸಭೆ ಅದನ್ನು ತನ್ನದಾಗಿ ಅಂಗೀಕರಿಸಿತು. ವಾರಸುದಾರರಿಲ್ಲದ ಆಸ್ತಿಗೂ ಅದೇ ಕಮಿಷನ್ 1954, 1981, 1995 ಮತ್ತು 2016ರಲ್ಲಿ ಮಾದರಿಗಳನ್ನು ಕೊಟ್ಟಿತು. ಆದರೆ ಒಂದು ರಾಜ್ಯ ಒಂದನ್ನು, ಇನ್ನೊಂದು ಮತ್ತೊಂದನ್ನು ಹಿಡಿದುಕೊಂಡಿದ್ದರಿಂದ, ಕಾಯುವ ಅವಧಿಯೂ ವರದಿಯ ದಿನಾಂಕವೂ ಒಂದೊಂದು ಕಡೆ ಒಂದೊಂದು ತರ. ನನ್ನ ಮೇಜಿನ ಮೇಲೆ ಇದಕ್ಕಾಗಿಯೇ ಒಂದು ಕ್ಯಾಲೆಂಡರಿದೆ: ಡೆಲವೇರ್‌ಗೆ ಮಾರ್ಚ್ 1, ಟೆಕ್ಸಾಸಿಗೆ ಜುಲೈ 1, ನ್ಯೂಜೆರ್ಸಿಗೆ ನವೆಂಬರ್ 1. ಕ್ಯಾಲಿಫೋರ್ನಿಯಾ ಇನ್ನೂ ವಿಚಿತ್ರ. ಮೊದಲು ಪಟ್ಟಿ ಮಾತ್ರ ಕೊಟ್ಟು, ಹಣವನ್ನು ಮರುವರ್ಷದ ಜೂನ್ ಮೊದಲ ಪಕ್ಷದಲ್ಲಿ ಕಟ್ಟಬೇಕು. ಸಂಬಳದ ಬಾಕಿಗೆ ಅಲ್ಲಿ ಒಂದೇ ವರ್ಷದ ಗಡುವಾದ್ದರಿಂದ ಭಾವನವರ ಚೆಕ್ಕಿನ ಹಣ ಆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ ಸೇರಿ ಬಹುಕಾಲವಾಗಿತ್ತು.

ಎರಡನೆಯದು ಉಳಿತಾಯ ಖಾತೆ. ಅದಕ್ಕೆ ಮೂರು ವರ್ಷಗಳ ಗಡುವು. ಬ್ಯಾಂಕು ತಾನೇ ಬಡ್ಡಿ ಜಮೆ ಮಾಡುತ್ತಿದ್ದುದರಿಂದ ಖಾತೆ ಜೀವಂತವಾಗಿದೆ ಎಂದು ಭಾವ ತಿಳಿದಿದ್ದರು. ಆದರೆ ಕಾನೂನು ಕೇಳುವುದು ಮಾಲೀಕನೇ ಮಾಡಿದ ಚಲನೆಯನ್ನು. ಬ್ಯಾಂಕಿನ ಎಚ್ಚರಿಕೆಯ ಪತ್ರ ಸಾಂಟಾ ಕ್ಲಾರಾದ ಹಳೆಯ ಮನೆಗೆ ಹೋಗಿತ್ತು. ಮೊತ್ತ 1,000 ಡಾಲರಿಗೆ ಮೀರಿದ್ದರಿಂದ ಅರ್ಜಿಯ ಸಹಿಗೆ ನೋಟರಿ ಬೇಕಾಯಿತು. ಮೈಸೂರಿನ ನ್ಯಾಯಾಲಯದ ಮುಂದೆ ಕೂರುವ ನೋಟರಿಯ ಮುದ್ರೆಯಿಂದ ಗೊಂದಲವಾದೀತೆಂದು, ಭಾವ ಮುಂಗಡ ಸಮಯ ಕಾಯ್ದಿರಿಸಿಕೊಂಡು ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ, ಒಂದು ಮುದ್ರೆಗೆ 50 ಡಾಲರು ಕೊಟ್ಟು, ಅಧಿಕಾರಿಯ ಎದುರೇ ಸಹಿ ಹಾಕಿದರು. ಅಲ್ಲಿಗೆ ಹೋಗುವ ಮುನ್ನ ಸಹಿ ಹಾಕಬಾರದೆಂದು ಮೂರು ಸಲ ಹೇಳಿದ್ದೆ. ರಾಜ್ಯವು ತೀರ್ಮಾನಕ್ಕೆ 180 ದಿನ ತೆಗೆದುಕೊಳ್ಳಬಹುದು. ನಮಗೆ ಐದು ತಿಂಗಳು ಹಿಡಿಯಿತು, ಬಡ್ಡಿ ಬರಲಿಲ್ಲ.

ಮೂರನೆಯದನ್ನು ನಾನು ಕ್ಯಾಲಿಫೋರ್ನಿಯಾದಲ್ಲಿ ವೃಥಾ ಹುಡುಕಿದೆ. ಭಾವ ನೌಕರಿಯಲ್ಲಿದ್ದಾಗ ಕೊಂಡ ಕಂಪನಿಯ ಷೇರುಗಳವು. ಹೊರಡುವಾಗ ಜವಾಬ್ದಾರಿಯಿಂದ ವಿಳಾಸ ಬದಲಾಯಿಸಿ ಮೈಸೂರಿನ ಮನೆಯದನ್ನು ಕೊಟ್ಟಿದ್ದು ಅದೊಂದಕ್ಕೆ ಮಾತ್ರ. ವಿಳಾಸ ವಿದೇಶದ್ದಾದರೆ ಹಣ ಕೇಳುವ ಅಮೆರಿಕನ್ ರಾಜ್ಯ ಯಾವುದು? ಕಂಪನಿ ನೋಂದಣಿಯಾದ ರಾಜ್ಯ. ಅಮೆರಿಕದ ಬಹಳಷ್ಟು ದೊಡ್ಡ ಕಂಪನಿಗಳಂತೆ ಅದರ ನೋಂದಣಿಯೂ ಡೆಲವೇರ್‌ನಲ್ಲಿ. ಭಾವ ಒಮ್ಮೆಯೂ ಕಾಲಿಡದ ರಾಜ್ಯದ ತಾಣದಲ್ಲಿ, ತಂದೆಯ ಹೆಸರಿನ ಅಡಿಯಲ್ಲಿ ಅವರ ಷೇರುಗಳು ಸಿಕ್ಕವು. ರಾಜ್ಯ ಅಷ್ಟರಲ್ಲಿ ಅವುಗಳನ್ನು ಮಾರಿಬಿಟ್ಟಿತ್ತು. ಸಿಗುವುದು ಮಾರಿದ ದಿನದ ಬೆಲೆ ಮಾತ್ರ, ಆಮೇಲಿನ ಏರಿಕೆ ಕೈತಪ್ಪಿದಂತೆಯೇ. ಪಾಲಕನೆಂದು ಹೇಳಿಕೊಳ್ಳುವವನು ವಸ್ತುವನ್ನೇ ಮಾರುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಕ್ಯಾಲಿಫೋರ್ನಿಯಾದಲ್ಲಿಯೂ ವರದಿಯ ಕೊನೆಯ ದಿನದಿಂದ 18ರಿಂದ 20 ತಿಂಗಳೊಳಗೆ ಷೇರುಗಳನ್ನು ಮಾರುವುದೇ ನಿಯಮ.

ಜೀವವಿಮೆಯ ವಿಚಾರ ನಮ್ಮ ಮನೆಯಲ್ಲಿ ಬರಲಿಲ್ಲ, ಆದರೆ ಪರಿಚಿತರ ಕುಟುಂಬವೊಂದಕ್ಕೆ ನೆರವಾಗಿದ್ದೇನೆ. 1945ರ ಮೆಕ್ಯಾರನ್-ಫರ್ಗ್ಯುಸನ್ ಕಾಯ್ದೆಯಿಂದಾಗಿ ವಿಮೆಯ ನಿಯಂತ್ರಣ ರಾಜ್ಯಗಳ ಕೈಯಲ್ಲಿದೆ. ಆ ರಾಜ್ಯಗಳ ವಿಮಾ ಆಯುಕ್ತರ ಒಕ್ಕೂಟ 2016ರಿಂದ ನಡೆಸುತ್ತಿರುವ ಪಾಲಿಸಿ ಶೋಧ ಸೇವೆ ಉಚಿತ. ತೀರಿಕೊಂಡವರ ವಿವರ ಕೊಟ್ಟರೆ, ಪಾಲಿಸಿ ಇದ್ದು ನಾವು ಅದರ ಫಲಾನುಭವಿಯಾಗಿದ್ದರೆ ವಿಮಾ ಕಂಪನಿಯೇ ಸಂಪರ್ಕಿಸುತ್ತದೆ.

ಕ್ಯಾಲಿಫೋರ್ನಿಯಾದ ಚೆಕ್ಕು ನನ್ನ ಮನೆಗೆ ಬಂತು, ಕೊರಿಯರಿನಲ್ಲಿ ಮೈಸೂರಿಗೆ ಹೋಯಿತು. ಬೇರೊಂದು ಅಮೆರಿಕನ್ ಬ್ಯಾಂಕಿನಲ್ಲಿ ಭಾವ ಉಳಿಸಿಕೊಂಡಿದ್ದ ಖಾತೆಗೆ ಅಕ್ಕನ ಮಗಳು ಫೋನಿನಲ್ಲಿ ಚಿತ್ರ ತೆಗೆದು ಅದನ್ನು ಜಮೆ ಮಾಡಿದಳು. ಆ ಖಾತೆಯಿಂದ ಈಗ ಪ್ರತಿ ಯುಗಾದಿಗೆ ಹತ್ತು ಡಾಲರು ನನ್ನ ಖಾತೆಗೆ ಬರುತ್ತದೆ, ಮರುದಿನ ನಾನು ಅದನ್ನು ಹಿಂದಿರುಗಿಸುತ್ತೇನೆ.