ಅಡಾಪ್ಟರಿನ ಬಾಲಕ್ಕೊಂದು ಚೀಟಿ

ಮನೆಗೆ ತಂದ ಸಾಮಾನುಗಳಲ್ಲಿ ಯಾವುದು ಜಾಸ್ತಿ ಉಪಯೋಗಕ್ಕೆ ಬಂತು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಎರಡೇ. ಒಂದು ಕಾಗದದ ಮಾಸ್ಕಿಂಗ್ ಟೇಪು, ಇನ್ನೊಂದು ಅಳಿಸಿಹೋಗದ ಮಾರ್ಕರ್ ಪೆನ್ನು. ಕೇಳಿದವರ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. ಬ್ಲೂಟೂತ್ ಇರುವ, ಲೈಟು ಮಿನುಗುವ ಏನಾದರೂ ಹೇಳುತ್ತೇನೆ ಅಂದುಕೊಂಡಿರುತ್ತಾರೆ, ಅಲ್ವಾ? ಅಂಥವೂ ನನ್ನ ಹತ್ತಿರ ಬೇಕಾದಷ್ಟಿವೆ. ಆದರೆ ಅವು ಇನ್ನೂ ಕೆಲಸ ಮಾಡುತ್ತಿರುವುದು ಈ ಟೇಪು, ಪೆನ್ನಿನ ದೆಸೆಯಿಂದ.

ನಾನು ಕಂಡ ಹಾಗೆ ಸಣ್ಣಪುಟ್ಟ ಗ್ಯಾಜೆಟ್‌ಗಳು ಕೆಟ್ಟು ಮೂಲೆ ಸೇರುವುದು ಕಮ್ಮಿ. ಚಾರ್ಜರ್ ಯಾವುದು ಅಂತ ಗೊತ್ತಾಗದೆ, ಒಳಗಿನ ಸೆಲ್ಲಿನ ನಂಬರು ಮರೆತು, ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನುವುದು ನೆನಪಾಗದೆ ಮೂಲೆ ಸೇರುವುದೇ ಜಾಸ್ತಿ. ಹಾಗಾಗಿ ಹೊಸ ವಸ್ತು ಬಂದ ದಿನವೇ ಅದರ ಮೈಮೇಲೆ ಎರಡು ಸಾಲು ಬರೆಯುತ್ತೇನೆ. ಮಿಕ್ಕಿದ್ದು ಒಂದು ನೋಟ್‌ಬುಕ್‌ಗೆ ಹೋಗುತ್ತದೆ.

ಶುರು ಮಾಡಿದ್ದು ಅಡಾಪ್ಟರ್‌ಗಳಿಂದ. ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಅಕ್ಷರದಲ್ಲಿ, ಇರುವೆ ಸಾಲಿನಂತೆ ಅಚ್ಚು ಹಾಕಿರುತ್ತಾರೆ. ಅದನ್ನು ಓದುವ ಸುಲಭ ದಾರಿ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡುವುದು. ಅಲ್ಲಿ ನಮಗೆ ಬೇಕಾದ್ದು ಔಟ್‌ಪುಟ್ ಅಂತ ಇರುವ ಸಾಲು ಮಾತ್ರ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಎಸಿಯೋ ಡಿಸಿಯೋ. ಪಕ್ಕದಲ್ಲೇ ನಡುವೆ ಚುಕ್ಕಿ, ಸುತ್ತ ಅರ್ಧ ವೃತ್ತ ಇರುವ ಒಂದು ಚಿತ್ರವಿರುತ್ತದೆ. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಅಂತ ಅದು ಹೇಳುತ್ತದೆ. ಸಾಮಾನ್ಯವಾಗಿ ಒಳಗೆ ಪ್ಲಸ್. ಆದರೆ ಉಲ್ಟಾ ಇರುವವೂ ಇವೆ, ಸಂಗೀತದ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಇದನ್ನು ನೋಡಿದ್ದೇನೆ. ಆದ್ದರಿಂದ ಚಿತ್ರ ನೋಡದೆ ಸಿಕ್ಕಿಸಬಾರದು.

ಲೆಕ್ಕ ಇಷ್ಟೇ. ವೋಲ್ಟ್ ಹೊಂದಲೇಬೇಕು. ಆಂಪಿಯರ್ ಬೇಕಾದಷ್ಟಿರಬೇಕು, ಜಾಸ್ತಿ ಇದ್ದರೆ ತೊಂದರೆ ಇಲ್ಲ. 12 ವೋಲ್ಟ್, 1 ಆಂಪಿಯರ್ ಬೇಡುವ ಪೆಟ್ಟಿಗೆಗೆ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಹಾಕಬಹುದು. ಅದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. 5 ವೋಲ್ಟಿನದಕ್ಕೆ 12 ವೋಲ್ಟ್ ಕೊಟ್ಟರೆ ಮಾತ್ರ ಅದರ ಕಥೆ ಮುಗಿಯಿತು. ಫಜೀತಿ ಏನೆಂದರೆ ಎರಡರ ಪಿನ್ನೂ ಒಂದೇ ಥರ ಇರುತ್ತದೆ. ಹೊರಗಿನ ಅಳತೆ 5.5 ಮಿ.ಮೀ. ಇದ್ದು, ಒಳಗಿನ ತೂತು 2.1 ಅಥವಾ 2.5 ಮಿ.ಮೀ. ಇರುವ ಪಿನ್ನುಗಳೇ ಎಲ್ಲೆಲ್ಲೂ ಸಿಗುತ್ತವೆ. 2.5ರ ಪಿನ್ನು 2.1ರ ಸಾಕೆಟ್ಟಿಗೆ ಆರಾಮಾಗಿ ಹೋಗುತ್ತದೆ, ಆದರೆ ಸಡಿಲವಾಗಿ ಕೂತು ಕರೆಂಟು ಬಂದು ಹೋಗಿ ಆಟ ಆಡಿಸುತ್ತದೆ. ಎಷ್ಟೋ ಜನ ಅದನ್ನು ನೋಡಿ ಯಂತ್ರವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಟೇಪನ್ನು ಅಡಾಪ್ಟರಿನ ಮೈಮೇಲೆ ಅಂಟಿಸುವುದಿಲ್ಲ. ಮೈ ಬಿಸಿಯಾಗುತ್ತದೆ, ಅಂಟು ಒಣಗಿ ಕಲ್ಲಾಗುತ್ತದೆ, ಆಮೇಲೆ ಕೆರೆದರೂ ಬರುವುದಿಲ್ಲ. ವೈರಿನ ತುದಿಯಲ್ಲಿ, ಪಿನ್ನಿನ ಹತ್ತಿರ, ಬಾವುಟದ ಹಾಗೆ ಸುತ್ತಿ ಮಡಿಸುತ್ತೇನೆ. ಕೈಯಲ್ಲಿ ಹಿಡಿಯುವ ಜಾಗವೇ ಅದಾದ್ದರಿಂದ ಓದದೆ ಸಿಕ್ಕಿಸುವ ಹಾಗೇ ಇಲ್ಲ. ‘ರೂಟರ್, 12ವೋ, 1ಆಂ’ ಅಂತ ಒಂದು ಕಡೆ. ರೂಟರಿನ ಸಾಕೆಟ್ ಪಕ್ಕದಲ್ಲೂ ಅದೇ ಸಾಲು. ಜೋಡಿ ಎರಡೂ ಕಡೆ ಇರಬೇಕು. ಒಂದೇ ಕಡೆ ಬರೆದರೆ ಅಡಾಪ್ಟರ್ ಕಳೆದಾಗ ಹೊಸದು ಯಾವುದು ತರಬೇಕು ಅನ್ನುವುದು ಮತ್ತೆ ಒಗಟು.

ಸೆಲ್ಲುಗಳದ್ದು ಇನ್ನೊಂದು ಲೋಕ. ಬಟನ್ ಸೆಲ್ಲಿನ ಮೇಲಿನ ನಂಬರನ್ನು ಓದಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ಸಿಆರ್2032 ಅಂದರೆ ಲಿಥಿಯಂ ಸೆಲ್ಲು, ದುಂಡಗಿದೆ, 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2025 ಅಷ್ಟೇ ಅಗಲ, ಆದರೆ 2.5 ಮಿ.ಮೀ. ದಪ್ಪ. ಎರಡೂ 3 ವೋಲ್ಟೇ. ದಪ್ಪದ್ದರ ಜಾಗದಲ್ಲಿ ತೆಳ್ಳನೆಯದನ್ನು ಹಾಕಿದರೆ ಒಮ್ಮೊಮ್ಮೆ ಸ್ಪ್ರಿಂಗಿಗೆ ತಾಗುವುದಿಲ್ಲ. ಇನ್ನು ಎಲ್‌ಆರ್44 ಅಲ್ಕಲೈನ್, 1.5 ವೋಲ್ಟ್. ಅದೇ ಅಳತೆಯಲ್ಲಿ ಎಸ್‌ಆರ್44 ಅಂತ ಸಿಲ್ವರ್ ಆಕ್ಸೈಡ್ ಸೆಲ್ಲೂ ಸಿಗುತ್ತದೆ. ಅಳೆಯುವ ಉಪಕರಣಗಳಿಗೆ ನಾನು ಎಸ್‌ಆರ್ ಹಾಕುತ್ತೇನೆ. ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಕಲೈನ್ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ.

ಪ್ರತಿ ಸಾಧನದ ಸೆಲ್ ಮುಚ್ಚಳದ ಒಳಗೆ ಚಿಕ್ಕ ಟೇಪು. ಅದರ ಮೇಲೆ ಸೆಲ್ಲಿನ ನಂಬರು, ಹಾಕಿದ ತಿಂಗಳು. ಹೊಸ ಬಟನ್ ಸೆಲ್ಲುಗಳು ಪ್ಯಾಕೆಟ್ ಸಮೇತ ಮೇಲಿನ ಶೆಲ್ಫಿನಲ್ಲಿ, ಮಕ್ಕಳ ಕೈಗೆ ಎಟುಕದ ಹಾಗೆ. ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಮಗು ಲಿಥಿಯಂ ಬಟನ್ ಸೆಲ್ಲು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗಿನ ಮಾಂಸ ಸುಟ್ಟುಹೋಗಬಹುದು. ಖಾಲಿ ಅಂತ ತೆಗೆದಿಟ್ಟ ಸೆಲ್ಲಿಗೂ ಆ ಶಕ್ತಿ ಉಳಿದಿರುತ್ತದೆ. ಅದಕ್ಕೇ ಹಳೆಯವುಗಳ ಎರಡೂ ಬದಿಗೆ ಟೇಪು ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಹಾಕಿ, ಆದಷ್ಟು ಬೇಗ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಡುತ್ತೇನೆ.

ರಿಮೋಟು, ಟಾರ್ಚಿನ ದೊಡ್ಡ ಸೆಲ್ಲುಗಳ ಕಾಟ ಬೇರೆ. ಅವು ಸೋರುತ್ತವೆ. ಅಲ್ಕಲೈನ್ ಸೆಲ್ಲಿನೊಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಹೊರಗೆ ಬಂದು ಗಾಳಿ ತಾಗಿದಾಗ ಬಿಳಿ ಪುಡಿಯಾಗಿ ಕೂರುತ್ತದೆ. ಇದು ಕ್ಷಾರ. ಹಾಗಾಗಿ ಬರೀ ನೀರಿಗಿಂತ ವಿನೆಗರ್ ಅಥವಾ ನಿಂಬೆರಸ ಒಳ್ಳೆಯದು. ಕೈಗವಸು ಹಾಕಿಕೊಂಡು, ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅದ್ದಿ ಸವರಿದರೆ ಸಣ್ಣಗೆ ನೊರೆ ಬಂದು ಪುಡಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಸೋರದ ಹಾಗೆ ನೋಡಿಕೊಳ್ಳುವುದು ಇನ್ನೂ ಸುಲಭ. ಹಳೆಯದು, ಹೊಸದು ಬೆರೆಸಿ ಹಾಕಬಾರದು. ಅಪರೂಪಕ್ಕೆ ಬಳಸುವ ವಸ್ತುವಿನಿಂದ ಸೆಲ್ಲು ತೆಗೆದು, ಮೇಲೆ ‘ಒಳಗೆ ಸೆಲ್ಲಿಲ್ಲ’ ಅಂತ ಟೇಪು ಹಚ್ಚಬೇಕು. ಇಲ್ಲದಿದ್ದರೆ ಕರೆಂಟು ಹೋದ ರಾತ್ರಿ ಮನೆಯವರೆಲ್ಲ ಆ ಟಾರ್ಚಿನ ಬಟನ್ ಒತ್ತುತ್ತಾ ಕೂರುತ್ತಾರೆ.

ರೀಚಾರ್ಜ್ ಆಗುವ ಸೆಲ್ಲುಗಳಿಗೆ ಮಾತ್ರ ಟೇಪು ಬೇಡ. ಅದರ ದಪ್ಪಕ್ಕೇ ಸೆಲ್ಲು ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮಾರ್ಕರ್‌ನಲ್ಲಿ ನೇರವಾಗಿ ಅ-ಅ, ಆ-ಆ ಅಂತ ಜೋಡಿ ಅಕ್ಷರ ಬರೆಯುತ್ತೇನೆ. ಜೋಡಿಯಾಗಿ ಚಾರ್ಜ್ ಆದವು ಜೋಡಿಯಾಗೇ ಕೆಲಸ ಮಾಡಬೇಕು. ಸಾನ್ಯೋ ಕಂಪನಿ 2005ರಲ್ಲಿ ಎನೆಲೂಪ್ ಅನ್ನುವ ರೀಚಾರ್ಜ್ ಸೆಲ್ಲು ತಂದ ಮೇಲೆ, ಚಾರ್ಜ್ ಮಾಡಿಟ್ಟರೆ ತಿಂಗಳುಗಟ್ಟಲೆ ಇಳಿಯದ ಸೆಲ್ಲುಗಳು ಎಲ್ಲ ಕಡೆ ಬಂದವು. ಅದಕ್ಕೂ ಮುಂಚಿನವು ಡ್ರಾಯರಿನಲ್ಲೇ ಖಾಲಿಯಾಗುತ್ತಿದ್ದವು. ಇವುಗಳ ಮೇಲೆ 1.2 ವೋಲ್ಟ್ ಅಂತ ಬರೆದಿರುವುದನ್ನು ನೋಡಿ ಹೆದರಬೇಕಿಲ್ಲ, ಹೆಚ್ಚಿನ ಸಾಧನಗಳಿಗೆ ಅದು ಸಾಲುತ್ತದೆ. ಆಟಿಕೆ, ಟಾರ್ಚುಗಳಿಗೆ ಇವು. ಗೋಡೆ ಗಡಿಯಾರಕ್ಕೆ ಮಾಮೂಲಿ ಸೆಲ್ಲೇ ಸಾಕು.

ಯುಎಸ್‌ಬಿ-ಸಿ ಬಂದ ಮೇಲೆ ಇದೆಲ್ಲ ಮುಗಿಯಿತು ಅಂತ ಹೇಳುವವರಿದ್ದಾರೆ. 2014ರಲ್ಲಿ ಈ ಪಿನ್ನಿನ ನಿಯಮ ಬಂತು. 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ಫೋನು, ಟ್ಯಾಬ್ಲೆಟ್, ಹೆಡ್‌ಫೋನುಗಳಿಗೆಲ್ಲ ಅದೇ ಕಡ್ಡಾಯವಾಯಿತು. ಪಿನ್ನು ಒಂದೇ ಆಯಿತು, ನಿಜ. ಕೇಬಲ್ಲು ಒಂದೇ ಆಗಲಿಲ್ಲ. ನೋಡಲು ಒಂದೇ ಥರ ಇರುವ ಕೇಬಲ್ಲುಗಳಲ್ಲಿ ಒಂದು ಬರೀ ಚಾರ್ಜ್ ಮಾಡುತ್ತದೆ, ಫೋಟೊ ಸಾಗಿಸುವುದಿಲ್ಲ. ಇನ್ನೊಂದು 60 ವ್ಯಾಟ್‌ಗೆ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಕೇಬಲ್ಲಿನ ಒಳಗೇ ಗುರುತಿನ ಚಿಪ್ ಇರಬೇಕು. ಪರೀಕ್ಷೆ ಸುಲಭ. ಪ್ರತಿ ಕೇಬಲ್ಲಿನಲ್ಲೂ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, ಫೈಲು ಕಾಣದಿದ್ದರೆ ‘ಡೇಟಾ ಇಲ್ಲ’ ಅಂತ ಬಾವುಟ.

ಇದಕ್ಕಿಂತ ತಲೆ ತಿನ್ನುವ ಇನ್ನೊಂದಿದೆ. ಕೆಲವು ಅಗ್ಗದ ಗ್ಯಾಜೆಟ್‌ಗಳಲ್ಲಿ ಸಿ ಸಾಕೆಟ್ ಇರುತ್ತದೆ, ಆದರೆ ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ. ಹಳೆಯ ಚಪ್ಪಟೆ ಎ ಪಿನ್ನಿನ ಚಾರ್ಜರಿನಿಂದ ಬರುವ ಕೇಬಲ್ ಹಾಕಿದರೆ ಆಗುತ್ತದೆ. ಗ್ಯಾಜೆಟ್ ಒಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಅವು ಇದ್ದರೆ ಮಾತ್ರ ಸಿ ಚಾರ್ಜರಿಗೆ ‘ಆ ಕಡೆ ಯಾರೋ ಇದ್ದಾರೆ’ ಅಂತ ಗೊತ್ತಾಗಿ ಕರೆಂಟು ಬಿಡುತ್ತದೆ. ತಯಾರಿಸುವವರು ಜಿಪುಣತನದಿಂದ ಅವನ್ನು ಬಿಟ್ಟಿರುತ್ತಾರೆ. ಅಂಥ ವಸ್ತು ಕೆಟ್ಟಿದೆ ಅಂತ ಎಸೆಯುವುದು ಬೇಡ. ಸಾಕೆಟ್ ಪಕ್ಕ ‘ಎ-ಸಿ ಕೇಬಲ್ ಮಾತ್ರ’ ಅಂತ ಬರೆದರೆ ಸಾಕು.

ಪವರ್ ಬ್ಯಾಂಕಿನ ಮೇಲೆ ನಾನು ಬರೆಯುವುದು ವ್ಯಾಟ್-ಅವರ್, ಅಂದರೆ ಅದು ಹಿಡಿಯುವ ಒಟ್ಟು ಶಕ್ತಿ. 10,000 ಎಂಎಎಚ್ (ಮಿಲಿ ಆಂಪಿಯರ್-ಅವರ್) ಅನ್ನುವುದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಆ 10,000 ಎಂಎಎಚ್ 7,400 ಆಗುತ್ತದೆ, ದಾರಿಯಲ್ಲಿ ಬಿಸಿಯಾಗಿ ಇನ್ನಷ್ಟು ಹೋಗುತ್ತದೆ. ಮೋಸ ಅಲ್ಲ, ಲೆಕ್ಕವೇ ಹಾಗೆ.

ಅಳೆಯುವ ಸಾಧನಗಳ ಮೇಲಿನ ಚೀಟಿ ನನಗೆ ತುಂಬಾ ಇಷ್ಟ. ಪುಟ್ಟ ಡಿಜಿಟಲ್ ತಕ್ಕಡಿ, ಥರ್ಮಾಮೀಟರ್, ಕೋಣೆಯ ತೇವ ತೋರಿಸುವ ಮೀಟರ್, ಇವೆಲ್ಲ ಅಗ್ಗವಾಗಿ ಸಿಗುತ್ತವೆ, ಅಷ್ಟೇ ಧೈರ್ಯವಾಗಿ ಸುಳ್ಳೂ ಹೇಳುತ್ತವೆ. ಮನೆಯಲ್ಲೇ ಅವುಗಳ ಸತ್ಯ ನೋಡಬಹುದು. ತಕ್ಕಡಿಗೆ ಔಷಧದ ಸಿರಿಂಜಿನಲ್ಲಿ ಅಳೆದ ನೀರು; 10 ಮಿ.ಲೀ. ಅಂದರೆ 10 ಗ್ರಾಂ. ನೀರಿನಲ್ಲಿ ಅದ್ದಬಹುದಾದ ಥರ್ಮಾಮೀಟರಿಗೆ, ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಕಲಕಿದರೆ 0 ಡಿಗ್ರಿ ಸಿಕ್ಕಿತು. ತೇವದ ಮೀಟರಿಗೆ ಉಪ್ಪು. ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹೋಗದೆ ಒದ್ದೆ ಮರಳಿನ ಹಾಗೆ ಆಗುವಷ್ಟು ನೀರು ಹಾಕಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬದಲ್ಲಿ ಒಂದು ರಾತ್ರಿ ಇಡಬೇಕು. ಒಳಗಿನ ತೇವ 75 ಪರ್ಸೆಂಟಿಗೆ ಬಂದು ನಿಲ್ಲುತ್ತದೆ. ಮೀಟರು 70 ತೋರಿಸಿದರೆ ಅದರ ಹಣೆಗೆ ‘+5’ ಅಂತ ಟೇಪು. ದುಬಾರಿ ಮೀಟರ್ ತರುವ ಬದಲು ಇದೇ ವಾಸಿ. ಗನ್ನಿನ ಥರ ಗುರಿಯಿಟ್ಟು ನೋಡುವ ಥರ್ಮಾಮೀಟರಿನ ಕಾಟ ಬೇರೆ. ಹೊಳೆಯುವ ಸ್ಟೀಲು ಅದಕ್ಕೆ ಯಾವಾಗಲೂ ಮಂಕುಬೂದಿ ಎರಚುತ್ತದೆ. ಸ್ಟೀಲಿನ ಮೇಲೆ ಕರಿ ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದಕ್ಕೆ ಗುರಿಯಿಟ್ಟರೆ ಸರಿಯಾದ ಸಂಖ್ಯೆ ಬರುತ್ತದೆ. ಟೇಪು ಕರಗುವಷ್ಟು ಬಿಸಿ ಇರಬಾರದು, ಅಷ್ಟೇ.

ಪ್ಲಗ್ಗಿಗೆ ಹಾಕುವ ಕರೆಂಟ್ ಮೀಟರ್ ತಂದ ಮೇಲೆ ನೋಟ್‌ಬುಕ್ಕಿನ ಪುಟಗಳು ತುಂಬಿದವು. ಆಫ್ ಮಾಡಿದ ಮೇಲೂ 10 ವ್ಯಾಟ್ ಎಳೆಯುವ ಪೆಟ್ಟಿಗೆಯೊಂದು ವರ್ಷಕ್ಕೆ 87.6 ಯೂನಿಟ್ ಸುಮ್ನೆ ತಿನ್ನುತ್ತದೆ. ಖಾಲಿ ನೇತಾಡುವ ಫೋನ್ ಚಾರ್ಜರ್ ಬಗ್ಗೆ ಜನ ಬಯ್ಯುವುದು ಜಾಸ್ತಿ, ಆದರೆ ಈಗಿನ ಒಳ್ಳೆಯ ಚಾರ್ಜರ್‌ಗಳು ಎಳೆಯುವುದು ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. ಫ್ರಿಜ್ ಅಳೆಯುವುದಾದರೆ ಒಂದು ಪೂರ್ತಿ ದಿನ ಬಿಡಬೇಕು, ಅದು ಓಡಿ ನಿಂತು ಓಡುವ ಯಂತ್ರ. ಹೀಟರ್ ಥರದ್ದನ್ನು ಹಾಕುವ ಮುಂಚೆ ಮೀಟರ್ ಎಷ್ಟು ಆಂಪಿಯರ್ ತಾಳುತ್ತದೆ ಅಂತ ನೋಡಿಕೊಳ್ಳಿ.

ಗ್ಯಾಜೆಟ್ ಅಲ್ಲದ ಸಾಮಾನುಗಳಿಗೂ ನೋಟ್‌ಬುಕ್‌ನಲ್ಲಿ ಜಾಗ ಇದೆ. ಉಜ್ಜಿದರೆ ಕಲೆ ಹೋಗುವ ಬಿಳಿ ಸ್ಪಾಂಜು ಮೆಲಮೈನ್ ಫೋಮ್. ಅದು ಕೆಲಸ ಮಾಡುವುದು ಬಹಳ ನಯವಾದ ಮರಳು ಕಾಗದದಂತೆ. ಸ್ವಿಚ್ ಸುತ್ತಲಿನ ಗೋಡೆಗೆ, ಶೂ ಅಂಚಿಗೆ ಸೊಗಸು. ಹೊಳಪಿನ ಪೇಂಟಿಗೆ, ಸ್ಕ್ರೀನಿಗೆ, ನಾನ್‌ಸ್ಟಿಕ್ ಬಾಣಲೆಗೆ ಮುಟ್ಟಿಸಬಾರದು. ಕೆಟಲ್ಲಿನ ತಳದ ಬಿಳಿ ಸುಣ್ಣಕ್ಕೆ ಸಿಟ್ರಿಕ್ ಆಸಿಡ್ ಪುಡಿ ಎಲ್ಲಕ್ಕಿಂತ ಮೇಲು, ವಿನೆಗರಿನ ವಾಸನೆಯೂ ಇಲ್ಲ. ಆ ಡಬ್ಬದ ಮೇಲೆ ಕೆಂಪು ಪೆನ್ನಿನಲ್ಲಿ ‘ಬ್ಲೀಚ್ ಜೊತೆ ಬೇಡ’ ಅಂತಿದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ವೈರ್ ಕಟ್ಟಲು ವೆಲ್ಕ್ರೋ ಪಟ್ಟಿ, ಎರಡನೇ ಮಾತಿಲ್ಲ. ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನ ಕೊಕ್ಕೆಗಳ ಮೇಲೆ ಮಾತ್ರ ನನಗೆ ನಂಬಿಕೆ ಇಲ್ಲ. ಗಾಜಿನ ಮೇಲೆ ನಿಲ್ಲುತ್ತವೆ, ಬೇರೆ ಕಡೆ ಮಧ್ಯರಾತ್ರಿ ನೋಡಿಕೊಂಡು ಬೀಳುತ್ತವೆ.

ನೋಟ್‌ಬುಕ್‌ನಲ್ಲಿ ವಸ್ತುವಿಗೆ ಅರ್ಧ ಪುಟ. ಮಾಡೆಲ್ ನಂಬರು, ತಂದ ತಿಂಗಳು, ಅಡಾಪ್ಟರ್ ಅಥವಾ ಸೆಲ್ಲು, ರೀಸೆಟ್ ಮಾಡುವ ರೀತಿ, ಯಾವ ಸ್ಕ್ರೂಡ್ರೈವರ್ ಬೇಕು. ಕೆಳಗೆ ಖಾಲಿ ಜಾಗ ಬಿಡುತ್ತೇನೆ, ಬಳಸಿದಾಗಲೆಲ್ಲ ಒಂದು ಗೆರೆ. ಗೆರೆಗಳೇ ಬೀಳದ ವಸ್ತುವನ್ನು ಬೇಕಾದವರಿಗೆ ಕೊಟ್ಟುಬಿಡುತ್ತೇನೆ. ಕೊಡುವಾಗ ಟೇಪು ಕೀಳುವುದಿಲ್ಲ, ಆ ಪುಟದ ಫೋಟೊ ತೆಗೆದು ಅವರ ಫೋನಿಗೂ ಕಳಿಸುತ್ತೇನೆ.